ಮಕ್ಕಳ ಮೊದಲ ಎಲ್ಕ್ ಬೇಟೆ: ಕೊಲೊರಾಡೊದಲ್ಲಿ ಶುರುಮಾಡುವುದು ಹೇಗೆ

ಅಮೆರಿಕದಲ್ಲಿ ಎಲ್ಕ್ ಅತಿ ಹೆಚ್ಚು ಇರುವ ರಾಜ್ಯ ಕೊಲೊರಾಡೊ. ನಮ್ಮ ಕಡವೆಯ ಬಳಗದ್ದೇ ಪ್ರಾಣಿ, ಗಾತ್ರ ಮಾತ್ರ ಇನ್ನೂ ದೊಡ್ಡದು. ಬೆಳೆದ ಹೆಣ್ಣು ಸುಮಾರು 225 ಕಿಲೋ, ಗಂಡು 320 ಕಿಲೋ ತೂಗುತ್ತದೆ. ಹನ್ನೆರಡು ವರ್ಷ ತುಂಬಿದ ಮಕ್ಕಳಿಗೆ ಇಲ್ಲಿ ಎಲ್ಕ್ ಬೇಟೆಯ ಲೈಸೆನ್ಸ್ ಸಿಗುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತುಹೋಯಿತು. ಮನೆಯಲ್ಲಿ ಕೋವಿ ಇಟ್ಟುಕೊಳ್ಳುವ ಕೊಡಗಿನಲ್ಲೂ ಕಡವೆಗೆ ಈಡು ಹೊಡೆದರೆ ಜೈಲೇ. ಹಾಗಾಗಿ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರಿಗೆ ಬೇಟೆಯ ಅನುಭವ ಇರುವುದಿಲ್ಲ. ಮಗನೋ ಮಗಳೋ ಶಾಲೆಯ ಗೆಳೆಯರನ್ನು ನೋಡಿ "ನಾನೂ ಹೋಗ್ತೀನಿ" ಎಂದಾಗ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಕೂರುವವರಿಗಾಗಿ ಈ ಬರಹ.

ಮೊದಲೇ ಮೂರು ತೀರ್ಮಾನ ಮಾಡಿಕೊಳ್ಳಿ. ಮೊದಲ ವರ್ಷ ಕೊಂಬಿನ ಗಂಡಿನ ಆಸೆ ಬಿಟ್ಟು ಹೆಣ್ಣು ಎಲ್ಕ್‌ನ ಲೈಸೆನ್ಸಿಗೆ ಅರ್ಜಿ ಹಾಕಿ. ಮಗು ಅಭ್ಯಾಸದಲ್ಲಿ ತಪ್ಪದೆ ಹೊಡೆದು ತೋರಿಸಿದ ದೂರಕ್ಕಿಂತ ಒಂದು ಗಜ ಆಚೆಗೂ ಹೊಡೆಸಬೇಡಿ. ಜೊತೆಗೆ ಹೋಗುವ ದೊಡ್ಡವರು ತಮ್ಮ ರೈಫಲ್ ಮನೆಯಲ್ಲೇ ಬಿಡಲಿ. ಕಾನೂನು ದೊಡ್ಡವರಿಗೂ ಬೇಟೆಯಾಡಲು ಅವಕಾಶ ಕೊಡುತ್ತದೆ, ನಿಜ. ಆದರೆ ಕೈಯಲ್ಲಿ ರೈಫಲ್ ಇದ್ದವರ ಗಮನ ಮಗುವಿನ ಮೇಲಿರುವುದಿಲ್ಲ, ಮೊದಲ ವರ್ಷ ಹಾಳಾಗುವುದು ಹೆಚ್ಚಾಗಿ ಇದರಿಂದಲೇ.

ಕಾಗದಪತ್ರದ ಕೆಲಸ

ಬೇಟೆಯ ಉಸ್ತುವಾರಿ ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯದು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಪ್ರತಿಯೊಬ್ಬರಿಗೂ ಹಂಟರ್ ಎಜುಕೇಶನ್ ಪ್ರಮಾಣಪತ್ರ ಬೇಕು. ಪಾಠವನ್ನು ಆನ್‌ಲೈನಿನಲ್ಲಿ ಓದಿ, ಕೊನೆಗೆ ಒಂದು ಮುಖಾಮುಖಿ ತರಗತಿಯಲ್ಲಿ ಬಂದೂಕು ಹಿಡಿಯುವ ಕ್ರಮ ತೋರಿಸಿ ಪರೀಕ್ಷೆ ಬರೆಯುವುದು ಮಕ್ಕಳಿಗೆ ಹೊಂದುವ ದಾರಿ. ಆ ತರಗತಿಗಳು ಬೇಸಿಗೆಯ ಕೊನೆಯಲ್ಲಿ ತುಂಬಿಹೋಗುತ್ತವೆ, ಚಳಿಗಾಲದಲ್ಲೇ ಮುಗಿಸಿಬಿಡಿ. ಹದಿನಾರಕ್ಕಿಂತ ಚಿಕ್ಕವರ ಜೊತೆ 18 ತುಂಬಿದ ಮೆಂಟರ್ (ಜೊತೆಗಿದ್ದು ನೋಡಿಕೊಳ್ಳುವ ದೊಡ್ಡವರು) ಇರಲೇಬೇಕು, ಆ ಮೆಂಟರ್‌ಗೂ ಇದೇ ಪ್ರಮಾಣಪತ್ರ ಬೇಕು. ಅಂದರೆ ಅಪ್ಪನೋ ಅಮ್ಮನೋ ಮಗುವಿನ ಪಕ್ಕದಲ್ಲೇ ಕೂತು ಪಾಠ ಓದುವುದು ಅನಿವಾರ್ಯ. ಬೇಟೆಯ ಹೊತ್ತಿನಲ್ಲಿ ಮೆಂಟರ್‌ಗೆ ಮಗು ಕಾಣುತ್ತಿರಬೇಕು, ಅದರ ಮಾತು ಕೇಳಿಸುತ್ತಿರಬೇಕು. ವಾಕಿಟಾಕಿ ಕೊಟ್ಟು ಗುಡ್ಡದ ಆಚೆ ಕೂರಿಸುವಂತಿಲ್ಲ.

ವೀಸಾದ ಮೇಲಿರುವ ಕುಟುಂಬಗಳು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಎಚ್-1ಬಿ, ಎಚ್-4 ಮುಂತಾದ ತಾತ್ಕಾಲಿಕ ವೀಸಾದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಅಮೆರಿಕದ ರಾಜ್ಯವೊಂದು ಕೊಟ್ಟ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆ ಲೈಸೆನ್ಸಿನ ಅವಧಿ ತೀರಿದ ಮರುದಿನ ವಿನಾಯಿತಿಯೂ ಹೋಗುತ್ತದೆ, ಮನೆಯಲ್ಲಿರುವ ರೈಫಲ್ ಅಪರಾಧವಾಗುತ್ತದೆ. ಬಂದೂಕಿನ ಪ್ರಕರಣ ಗ್ರೀನ್ ಕಾರ್ಡ್ ಅರ್ಜಿಯನ್ನೇ ನುಂಗಬಲ್ಲದು. ಆದ್ದರಿಂದ ರೈಫಲ್ ಕೊಳ್ಳುವ ಮೊದಲು ಇಮಿಗ್ರೇಶನ್ ವಕೀಲರ ಹತ್ತಿರ ಒಮ್ಮೆ ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ರಾಜ್ಯದ ನಿವಾಸಿ ದರದಲ್ಲಿ ಲೈಸೆನ್ಸ್ ಸಿಗಲು ಅರ್ಜಿಗೆ ಮುಂಚೆ ಆರು ತಿಂಗಳು ಬಿಡದೆ ಇಲ್ಲಿ ವಾಸವಿರಬೇಕು.

ಮಕ್ಕಳ ಲೈಸೆನ್ಸ್ ಅಗ್ಗ. ಹೊರರಾಜ್ಯದ ವಯಸ್ಕರು ಒಂದು ಎಲ್ಕ್ ಲೈಸೆನ್ಸಿಗೆ 700 ಡಾಲರಿಗೂ ಮೇಲೆ ಕೊಡುತ್ತಾರೆ, ಹೊರರಾಜ್ಯದ ಮಕ್ಕಳದ್ದು ಅದರ ಒಂದು ಸಣ್ಣ ಪಾಲು, ಇಲ್ಲಿಯ ನಿವಾಸಿ ಮಕ್ಕಳದ್ದು ಇನ್ನೂ ಕಡಿಮೆ. ಇಂಥ ಲೈಸೆನ್ಸ್ ಹಂಚುವ ಲಾಟರಿಗೆ ಅರ್ಜಿ ಹಾಕುವ ಮೊದಲು 'ಕ್ವಾಲಿಫೈಯಿಂಗ್ ಲೈಸೆನ್ಸ್' ಎಂಬ ಇನ್ನೊಂದನ್ನು ಕೊಳ್ಳಬೇಕು. ಮೊಲ, ಹಕ್ಕಿಯಂಥ ಸಣ್ಣ ಪ್ರಾಣಿಗಳ ಬೇಟೆಗೆ ಮಕ್ಕಳಿಗೆ ಕೊಡುವ ಲೈಸೆನ್ಸ್ ಅದಕ್ಕೆ ಸಾಕು. ಅರ್ಜಿಯ ಕೊನೆಯ ದಿನ ಏಪ್ರಿಲ್‌ನ ಮೊದಲ ಮಂಗಳವಾರ. ಅದು ತಪ್ಪಿದರೆ ಬೇಸಿಗೆಯ ಎರಡನೇ ಲಾಟರಿಯಲ್ಲಿ ಉಳಿದ ಲೈಸೆನ್ಸ್‌ಗಳಿಗೆ ಮಕ್ಕಳಿಗೇ ಮೊದಲ ಆದ್ಯತೆ. ಅದೂ ಕೈಬಿಟ್ಟರೆ ಆಗಸ್ಟಿನ ಉಳಿಕೆ ಪಟ್ಟಿ ನೋಡಿ.

ಅರ್ಜಿಯಲ್ಲಿ ತುಂಬುವ ಹಂಟ್ ಕೋಡನ್ನು ಓದಲು ಕಲಿಯಿರಿ. ಮೊದಲ ಅಕ್ಷರ ಪ್ರಾಣಿ, ಎರಡನೆಯದು ಗಂಡೋ ಹೆಣ್ಣೋ, ಆಮೇಲಿನ ಮೂರು ಅಂಕಿ ಬೇಟೆ ವಲಯ, ನಂತರ ಋತು, ಕೊನೆಗೆ ಆಯುಧ. ಇಲ್ಲಿ ಆಗುವ ದೊಡ್ಡ ಎಡವಟ್ಟು ಎಂದರೆ ಖಾಸಗಿ ಜಮೀನಿಗೆ ಮಾತ್ರ ಸಲ್ಲುವ ಕೋಡನ್ನು ಬರೆದುಬಿಡುವುದು. ಅಂಥ ಲೈಸೆನ್ಸ್ ಸುಲಭವಾಗಿ ಸಿಗುತ್ತದೆ, ಆದರೆ ಕೈಯಲ್ಲಿ ಯಾವ ರೈತನ ಒಪ್ಪಿಗೆಯೂ ಇರುವುದಿಲ್ಲ. ಕೊಲೊರಾಡೊದಲ್ಲಿ ಬೇಲಿಯ ಮೇಲೆ ಬೋರ್ಡ್ ಇಲ್ಲದಿದ್ದರೂ ಒಪ್ಪಿಗೆಯಿಲ್ಲದೆ ಖಾಸಗಿ ಜಮೀನಿನಲ್ಲಿ ಬೇಟೆಯಾಡುವುದು ಅಪರಾಧ. ರಾಷ್ಟ್ರೀಯ ಅರಣ್ಯ ಹೆಚ್ಚಿರುವ ವಲಯ ಆರಿಸಿ. ವೈಟ್ ರಿವರ್, ರೌಟ್, ಗನಿಸನ್, ಸ್ಯಾನ್ ವಾನ್ ಅರಣ್ಯಗಳು ಎಲ್ಕ್‌ಗೆ ಹೆಸರಾದವು. ಎಲ್ಕ್ ಎಷ್ಟಿವೆ ಎಂಬುದಕ್ಕಿಂತ, ಕಾರು ನಿಲ್ಲಿಸಿ ಒಂದೆರಡು ಮೈಲಿಯೊಳಗೆ ಹುಲ್ಲುಗಾವಲು ಸಿಗುತ್ತದೆಯೇ ಎಂಬುದನ್ನು ಮೊದಲು ನೋಡಿ. ಫೋನಿನಲ್ಲಿ ಜಮೀನಿನ ಗಡಿ ತೋರಿಸುವ ನಕ್ಷೆಯ ಆ್ಯಪ್ ಹಾಕಿ, ಆ ಭಾಗವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ.

ಋತುವಿನ ವಿಷಯ ಚಿಕ್ಕದು. ಅಕ್ಟೋಬರ್ ನಡುವಿನ ಮೊದಲ ರೈಫಲ್ ಋತು ಐದೇ ದಿನ, ಆದರೆ ಚಳಿ ಕಡಿಮೆ, ಜನವೂ ಕಡಿಮೆ. ಸೆಪ್ಟೆಂಬರಿನ ಬಿಲ್ಲುಬಾಣದ ಬೇಟೆ ಕೇಳಲು ರೋಚಕ, ಎಲ್ಕ್‌ಗೆ ಸಾಕಾಗುವಷ್ಟು ಬಿಲ್ಲನ್ನು ಹನ್ನೆರಡರ ಮಕ್ಕಳಲ್ಲಿ ಹೆಚ್ಚಿನವರು ಎಳೆಯಲಾರರು.

ರೈಫಲ್ ಮತ್ತು ಹೆದರಿಕೆ

ಕಾನೂನಿನ ಕನಿಷ್ಠ ಹೀಗಿದೆ: ಸೆಂಟರ್‌ಫೈರ್ ರೈಫಲ್ (ತೋಟಾದ ಬುಡದ ನಡುವಿಗೆ ಪೆಟ್ಟು ಬಿದ್ದು ಹಾರುವಂಥದ್ದು), .24 ಕ್ಯಾಲಿಬರ್ (ಗುಂಡಿನ ಅಗಲ, ಇಂಚಿನಲ್ಲಿ) ಅಥವಾ ಮೇಲೆ, ನಳಿಗೆ 16 ಇಂಚಿಗೆ ಕಡಿಮೆ ಇರಬಾರದು, ಎಲ್ಕ್‌ಗೆ ಗುಂಡಿನ ತೂಕ 85 ಗ್ರೇನ್ (ಸುಮಾರು ಐದೂವರೆ ಗ್ರಾಂ), 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ, ಗುಂಡು ಒಳಹೊಕ್ಕು ಅರಳುವಂಥದ್ದಾಗಿರಬೇಕು. .243 ವಿಂಚೆಸ್ಟರ್ ತೋಟಾ ಈ ಗೆರೆಯನ್ನು ದಾಟುತ್ತದೆ, ಆದರೆ ಅಷ್ಟೇ. ಗುಂಡು ಭುಜದ ಎಲುಬಿಗೆ ಬಿದ್ದರೆ ಅದರಲ್ಲಿ ಮಿಗುವ ಬಲ ಕಡಿಮೆ. 140 ಗ್ರೇನ್ ಗುಂಡಿನ 7ಎಂಎಂ-08 ರೆಮಿಂಗ್ಟನ್, 130ರಿಂದ 143 ಗ್ರೇನಿನ 6.5 ಕ್ರೀಡ್‌ಮೋರ್ ಇವೆರಡೂ ಮಗುವಿನ ಹೆಗಲಿಗೂ ಎಲ್ಕ್‌ನ ಎದೆಗೂ ಸರಿಹೊಂದುವ ಆಯ್ಕೆ. ಒದೆತ ಜೋರಾದ .30-06, .300 ಮ್ಯಾಗ್ನಂ ಹಿಡಿದು "ಎಲ್ಕ್‌ಗೆ ಇದೇ ಬೇಕು" ಎನ್ನುವ ಅಂಗಡಿಯವರ ಮಾತು ಕೇಳಬೇಡಿ.

ಸ್ಟಾಕಿನ (ಹೆಗಲಿಗೆ ಒರಗುವ ಹಿಂಭಾಗದ) ಉದ್ದವನ್ನು ಮಗುವಿನ ಕೈಯಿಂದಲೇ ಅಳೆಯಿರಿ. ಮೊಣಕೈ ಮಡಿಸಿದ ಒಳಭಾಗಕ್ಕೆ ಸ್ಟಾಕಿನ ಹಿಂತುದಿ ಒರಗಿಸಿದಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸಲೀಸಾಗಿ ಮುಟ್ಟಬೇಕು. ದೊಡ್ಡವರ ರೈಫಲಿನಲ್ಲಿ ಈ ಉದ್ದ 13.5 ಇಂಚಿನ ಆಸುಪಾಸು, ಮಕ್ಕಳಿಗೆ 12ರಿಂದ 12.5 ಸಾಕು. ಉದ್ದ ಹೆಚ್ಚಾದರೆ ಮಗು ಕುತ್ತಿಗೆ ಮುಂದೆ ಚಾಚಿ ಸ್ಕೋಪಿಗೆ (ಗುರಿ ನೋಡುವ ದುರ್ಬೀನಿಗೆ) ಕಣ್ಣು ತೂರಿಸುತ್ತದೆ, ಹಿಂದೊದೆತಕ್ಕೆ ಸ್ಕೋಪಿನ ಅಂಚು ಹುಬ್ಬನ್ನು ಕೊಯ್ಯುತ್ತದೆ. ಒಮ್ಮೆ ಹಾಗಾದ ಮಗು ಮತ್ತೆ ಟ್ರಿಗರ್ ಒತ್ತುವಾಗ ಕಣ್ಣು ಮುಚ್ಚದೆ ಇರಲಾರದು.

ಈ ಹೆದರಿಕೆಯೇ ಗುರಿ ತಪ್ಪಲು ಮೊದಲ ಕಾರಣ, ಅದನ್ನು ಬರದಂತೆ ತಡೆಯುವುದು ಬಂದ ಮೇಲೆ ಬಿಡಿಸುವುದಕ್ಕಿಂತ ಸುಲಭ. ಏಪ್ರಿಲ್‌ನಿಂದ ಜುಲೈವರೆಗೆ ಸಣ್ಣ ತೋಟಾದ, ಒದೆತ ತೀರ ಕಡಿಮೆಯ .22 ರೈಫಲಿನಲ್ಲೇ ಅಭ್ಯಾಸ ನಡೆಯಲಿ. ದೊಡ್ಡ ರೈಫಲ್ ಹಿಡಿದ ಮೇಲೂ ಒಂದು ದಿನಕ್ಕೆ ಹತ್ತು ಹನ್ನೆರಡು ತೋಟಾ ದಾಟಬೇಡಿ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಇರಲಿ. ಮಕ್ಕಳು ಬೆಚ್ಚುವುದು ಒದೆತಕ್ಕಿಂತ ಸದ್ದಿಗೆ. ನಳಿಗೆಯ ತುದಿಗೆ ಹಾಕುವ ಮಝಲ್ ಬ್ರೇಕ್ ಒದೆತವನ್ನು ತಗ್ಗಿಸಿ ಸದ್ದನ್ನು ಏರಿಸುತ್ತದೆ, ಪಕ್ಕದಲ್ಲಿ ಕೂತ ಮೆಂಟರಿನ ಕಿವಿಗೂ ಅದು ಕೆಟ್ಟದ್ದು. ಮಗು ಬೆಚ್ಚುತ್ತಿದೆಯೇ ಎಂದು ತಿಳಿಯಲು, ಗೊತ್ತಾಗದಂತೆ ನಡುವೆ ಮದ್ದಿಲ್ಲದ ಒಂದು ಡಮ್ಮಿ ತೋಟಾ ಸೇರಿಸಿ ಕೊಡಿ. 'ಟಕ್' ಎಂದಾಗ ನಳಿಗೆ ಕೆಳಕ್ಕೆ ಕುಸಿದರೆ ಮತ್ತೆ .22ಕ್ಕೆ ಮರಳಿ.

ಸ್ಕೋಪ್ 3-9 ಪಟ್ಟಿನದು ಸಾಕು, ಅದನ್ನೂ ಯಾವಾಗಲೂ 3ರಲ್ಲೇ ಇಟ್ಟಿರಿ. 9ರಲ್ಲಿಟ್ಟರೆ ಮಗುವಿಗೆ ಕಾಣುವುದು ಬರೀ ಕಂದು ರೋಮ, ಪ್ರಾಣಿಯ ಯಾವ ಭಾಗವೆಂದು ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ.

ಬೆಂಚಿನ ಮೇಲೆ ಮರಳುಚೀಲವಿಟ್ಟು ಹೊಡೆಯುವುದು ಸ್ಕೋಪ್ ಹೊಂದಿಸುವುದಕ್ಕೆ ಮಾತ್ರ. ಆಗಸ್ಟಿನಿಂದ ಆಚೆಗೆ ನೆಲದ ಮೇಲೆ ಕೂತು, ಮುಕ್ಕಾಲಿ ಕೋಲಿನ ಮೇಲೆ ರೈಫಲ್ ಇಟ್ಟು ಹೊಡೆಸಿ. ಗುರಿಗೆ ಎಂಟು ಇಂಚಿನ ಪೇಪರ್ ಪ್ಲೇಟ್. ನೂರು ಮೀಟರ್ ಓಡಿಸಿ, ಏದುಸಿರಿನಲ್ಲೇ ಕೂರಿಸಿ, ಐದು ಗುಂಡು. ಐದೂ ಪ್ಲೇಟಿನೊಳಗೆ ಬೀಳುವ ಅತಿ ದೂರವೇ ಆ ಮಗುವಿನ ಮಿತಿ. ಮೊದಲ ವರ್ಷ ಅದು ಬಹುಶಃ 100 ಅಥವಾ 150 ಗಜ ಇರುತ್ತದೆ. ಇನ್ನೂರು ಬಂದರೆ ಹಿಗ್ಗಬಹುದು. ನಾಲ್ಕು ಬಿದ್ದು ಒಂದು ತಪ್ಪಿದ ದೂರ ಲೆಕ್ಕಕ್ಕಿಲ್ಲ.

ಮನೆಯಲ್ಲಿ ರೈಫಲ್ ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ. ಮಕ್ಕಳ ಕೈಗೆ ಎಟುಕದಂತೆ ಬಂದೂಕು ಇಡಬೇಕೆಂದು 2021ರಿಂದ ರಾಜ್ಯದ ಕಾನೂನೇ ಹೇಳುತ್ತದೆ, ಬೇಟೆ ಕಲಿತ ಮಗುವಿಗೂ ಅದು ಅನ್ವಯ.

ಬಟ್ಟೆ, ಬೆಟ್ಟ, ಊಟ

ಸೊಂಟದಿಂದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಡ್ಡಾಯ, ತಲೆಯ ಟೊಪ್ಪಿಯೂ ಅದೇ ಬಣ್ಣದ್ದಾಗಿ ಎಲ್ಲ ಕಡೆಯಿಂದ ಕಾಣಬೇಕು. ಎಲೆಚಿತ್ತಾರದ ಕಿತ್ತಳೆ ನಡೆಯದು. ಮಕ್ಕಳ ವೆಸ್ಟ್ ಚಿಕ್ಕದಿದ್ದರೆ 500 ಇಂಚು ಆಗದೆ ಹೋಗಬಹುದು, ಅದಕ್ಕೆ ದೊಡ್ಡವರ ವೆಸ್ಟನ್ನೇ ಜಾಕೆಟ್ ಮೇಲೆ ಹಾಕಿ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ಹತ್ತಿ ಬೇಡ. ಬೆವರಿ ಒದ್ದೆಯಾದ ಹತ್ತಿ ಕೂತಾಗ ಮೈಯ ಶಾಖ ಹೀರುತ್ತದೆ. ಬೂಟನ್ನು ಎರಡು ತಿಂಗಳು ಮೊದಲೇ ಕೊಂಡು ನಡೆಸಿ.

ಎಲ್ಕ್ ಸಿಗುವ ಜಾಗ 8,000ದಿಂದ 11,000 ಅಡಿ ಎತ್ತರ. ಡೆನ್ವರಿನಲ್ಲೇ ಇದ್ದವರಿಗೂ ಮೊದಲ ದಿನ ತಲೆನೋವು, ಹಸಿವಾಗದಿರುವುದು ಸಾಮಾನ್ಯ. ಒಂದು ರಾತ್ರಿ ಮೊದಲೇ ಹೋಗಿ ಮಲಗಿ, ನೀರು ಕುಡಿಸುತ್ತಿರಿ. ವಾಂತಿ ಶುರುವಾದರೆ ಬೇಟೆ ಬಿಟ್ಟು ಕೆಳಗಿಳಿಯುವುದೇ ಔಷಧಿ. ಕೂರಲು ದಪ್ಪ ಫೋಮ್ ತುಂಡು, ಕೈ ಬೆಚ್ಚಗಿಡುವ ಪೊಟ್ಟಣ, ಫ್ಲಾಸ್ಕಿನಲ್ಲಿ ಬಿಸಿ ಹಾಲು, ಮಗುವಿಗೆ ಇಷ್ಟವಾದ ತಿಂಡಿ ಇರಲಿ. ಚಪಾತಿ ಸುರುಳಿ ಸ್ಯಾಂಡ್‌ವಿಚ್‌ಗಿಂತ ಮೇಲು. ಮಗು ಹೊರುವ ಚೀಲ ಅದರ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಾಗದಿರಲಿ.

ಬೇಟೆಯ ದಿನ

ಬೆಳಗಿನ ಜಾವ ಎಲ್ಕ್ ಹುಲ್ಲುಗಾವಲಿನಲ್ಲಿ ಮೇಯುತ್ತವೆ, ಬಿಸಿಲೇರಿದಂತೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಮರಗಳೊಳಗೆ ಹೋಗಿ ಮಲಗುತ್ತವೆ, ಸಂಜೆ ಮತ್ತೆ ಹೊರಬರುತ್ತವೆ. ಮಕ್ಕಳೊಡನೆ ದಟ್ಟ ಕಾಡಿನೊಳಗೆ ಬೆನ್ನಟ್ಟುವುದು ವ್ಯರ್ಥ. ಸದ್ದಾಗುತ್ತದೆ, ಮಗು ದಣಿಯುತ್ತದೆ. ಹಿಂದಿನ ದಿನ ದುರ್ಬೀನಿನಲ್ಲಿ ಹುಡುಕಿ, ಹಸಿ ಹಿಕ್ಕೆ, ಹೆಜ್ಜೆ ಕಂಡ ಹುಲ್ಲುಗಾವಲಿನ ಅಂಚಿನಲ್ಲಿ ಮರೆ ನೋಡಿಕೊಂಡು, ಬೆಳಕು ಹರಿಯುವುದಕ್ಕೆ ಅರ್ಧ ಗಂಟೆ ಮುಂಚೆಯೇ ಕೂತುಬಿಡಿ. ಗುಂಡು ಹಾರಿಸಲು ಕಾನೂನಿನ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆವರೆಗೆ.

ಗಾಳಿಯನ್ನು ಮರೆತರೆ ಉಳಿದದ್ದೆಲ್ಲ ದಂಡ. ಬೆಟ್ಟದಲ್ಲಿ ಬೆಳಗಿನ ತಂಪು ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬಿಸಿಲು ಬಿದ್ದು ನೆಲ ಕಾದ ಮೇಲೆ ಮೇಲಕ್ಕೆ ತಿರುಗುತ್ತದೆ, ಸಂಜೆ ಮತ್ತೆ ಕೆಳಕ್ಕೆ. ಬೆಳಿಗ್ಗೆ ಸರಿಯಾಗಿದ್ದ ಜಾಗ ಹತ್ತು ಗಂಟೆಗೆ ತಪ್ಪಾಗುವುದು ಇದರಿಂದ. ಟಾಲ್ಕಮ್ ಪುಡಿ ತುಂಬಿದ ಚಿಕ್ಕ ಬಾಟಲಿಯನ್ನು ಮಗುವಿನ ಕೈಗೆ ಕೊಡಿ, ಕಾಲು ಗಂಟೆಗೊಮ್ಮೆ ಒತ್ತಿ ನೋಡುವುದು ಅದರ ಕೆಲಸ. ಹೊತ್ತೂ ಹೋಗುತ್ತದೆ, ವಿದ್ಯೆಯೂ ಬರುತ್ತದೆ.

ರೈಫಲಿನ ಚೇಂಬರ್ (ಹಾರಲಿರುವ ತೋಟಾ ಕೂರುವ ಜಾಗ) ಖಾಲಿ ಇರಲಿ. ತೋಟಾ ಒಳಗೆ ಹೋಗುವುದು ಕೂತ ಮೇಲೆ, ಎಲ್ಕ್ ಕಂಡ ಮೇಲೆ, ಮೆಂಟರ್ ಹೇಳಿದ ಮೇಲೆ. ಬೇಲಿ ದಾಟುವಾಗ ಪೂರ್ತಿ ಖಾಲಿ ಮಾಡಿ. ವಾಹನದೊಳಗೆ ಚೇಂಬರಿನಲ್ಲಿ ತೋಟಾ ಇರುವ ರೈಫಲ್ ಇಡುವುದು ಕಾನೂನುಬಾಹಿರ.

ಮನೆಯಲ್ಲೇ ಎರಡು ಮಾತು ಗೊತ್ತುಮಾಡಿಕೊಳ್ಳಿ: "ಹೊಡಿ" ಮತ್ತು "ಬೇಡ". ಇವುಗಳ ನಡುವೆ ಬೇರೆ ಪಿಸುಮಾತು ಬೇಡ. "ರೆಡಿನಾ? ನೋಡು, ತಡಿ, ಈಗ..." ಎಂದು ಒಂದೇ ಸಮನೆ ಉಸುರುವ ಅಪ್ಪಂದಿರಿಂದ ಕೈತಪ್ಪಿದ ಎಲ್ಕ್‌ಗಳು ಕಡಿಮೆಯಲ್ಲ. ಹೊಡೆಯಲು ಮನಸ್ಸಿಲ್ಲ ಎಂದು ಮಗು ರೈಫಲ್ ಕೆಳಗಿಟ್ಟರೆ ಅಲ್ಲಿಗೆ ಮುಗಿಯಿತು, ಒತ್ತಾಯ ಕೂಡದು.

ಮೊದಲು ಪ್ರಾಣಿ ಯಾವುದೆಂದು ಗಟ್ಟಿ ಮಾಡಿಕೊಳ್ಳಿ. ಕೊಲೊರಾಡೊದಲ್ಲಿ ಜಿಂಕೆ ಬಳಗದ ಇನ್ನೂ ದೊಡ್ಡ ಪ್ರಾಣಿ ಮೂಸ್ ಕೂಡ ಇದೆ, ಪ್ರತಿವರ್ಷ ಯಾರೋ ಒಬ್ಬರು ಎಲ್ಕ್ ಎಂದು ಅದನ್ನು ಹೊಡೆದು ಸಿಕ್ಕಿಬೀಳುತ್ತಾರೆ. ಎಲ್ಕ್‌ನ ಮೈ ತಿಳಿಗಂದು, ಕುತ್ತಿಗೆ ಕಡುಗಂದು, ಬಾಲದ ಸುತ್ತ ಕೆನೆಬಣ್ಣದ ದೊಡ್ಡ ಮಚ್ಚೆ. ಮೂಸ್ ಇಡೀ ಮೈ ಕಪ್ಪುಗಂದು, ಮೂತಿ ಉಬ್ಬಿ ಜೋತಿರುತ್ತದೆ, ಹಿಂಭಾಗದಲ್ಲಿ ಮಚ್ಚೆ ಇಲ್ಲ. ಆಮೇಲೆ ತಲೆ ನೋಡಿ: ಎಳೆಯ ಗಂಡಿನ ಕವಲಿಲ್ಲದ ಕೊಂಬು ಮಬ್ಬುಬೆಳಕಿನಲ್ಲಿ ಕಿವಿಯೊಡನೆ ಕಲೆತುಹೋಗುತ್ತದೆ.

ಹೊಡೆಯುವುದು ಪ್ರಾಣಿ ಅಡ್ಡಲಾಗಿ ನಿಂತಾಗ ಮಾತ್ರ. ಮುಂಗಾಲಿನ ಹಿಂಬದಿಯ ಗೆರೆಯನ್ನೇ ಹಿಡಿದು ಮೇಲೆ ಬಂದು, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿ. ಅಲ್ಲಿ ಹೃದಯದ ಮೇಲ್ಭಾಗ, ಶ್ವಾಸಕೋಶ ಎರಡೂ ಇವೆ. ತಲೆ, ಕುತ್ತಿಗೆ, ಎದುರುಮುಖ, ಓಡುತ್ತಿರುವುದು, ಗುಡ್ಡದ ನೆತ್ತಿಯಲ್ಲಿ ಆಕಾಶಕ್ಕೆ ಒರಗಿ ನಿಂತದ್ದು, ಎಲ್ಲದಕ್ಕೂ ಉತ್ತರ "ಬೇಡ". ಒಂದರ ಹಿಂದೆ ಇನ್ನೊಂದು ನಿಂತಿದ್ದರೂ ಬೇಡ, ಗುಂಡು ಎರಡನ್ನೂ ತೂರಿ ಹೋಗುತ್ತದೆ.

ಈಡು ಬಿದ್ದ ಕೂಡಲೇ ಮುಂದಿನ ತೋಟಾ ಒಳಗೆ ಹೋಗಬೇಕು, ಇದನ್ನು ಅಭ್ಯಾಸದಲ್ಲೇ ರೂಢಿ ಮಾಡಿಸಿ. ಎಲ್ಕ್ ಗಟ್ಟಿಪ್ರಾಣಿ, ಶ್ವಾಸಕೋಶಕ್ಕೆ ಗುಂಡು ತಗುಲಿದರೂ ಏನೂ ಆಗದಂತೆ ನಿಂತಿರುತ್ತದೆ. ನಿಂತಿದ್ದರೆ ಅದೇ ಪ್ರಾಣಿಗೆ ಮತ್ತೆ ಹೊಡೆಸಿ. ಆದರೆ ಹಿಂಡು ಕದಲಿ ಬೆರೆತುಹೋದರೆ ನಿಲ್ಲಿಸಿಬಿಡಿ. "ತಪ್ಪಿತು" ಎಂದುಕೊಂಡು ಇನ್ನೊಂದಕ್ಕೆ ಹೊಡೆದು, ಕೊನೆಗೆ ಎರಡು ಹೆಣ, ಒಂದು ಲೈಸೆನ್ಸ್ ಎಂಬ ಸ್ಥಿತಿ ಬರುವುದು ಹೀಗೆಯೇ. ಹೊಡೆದ ಪ್ರಾಣಿ ಕಣ್ತಪ್ಪದಿರಲು ಮೆಂಟರ್ ದುರ್ಬೀನು ಇಳಿಸಬಾರದು.

ಪ್ರಾಣಿ ನಿಂತಿದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಅರ್ಧ ಗಂಟೆ ಕಾಯಿರಿ. ನೊರೆ ತುಂಬಿದ ತಿಳಿಗೆಂಪು ರಕ್ತ ಕಂಡರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಾದರೆ ಬಹುಶಃ ಯಕೃತ್ತು, ಇನ್ನೆರಡು ಗಂಟೆ ಬಿಡಿ. ಹಸಿರು ಬೆರೆತಿದ್ದರೆ ಹೊಟ್ಟೆ, ಐದಾರು ಗಂಟೆ ತಡೆಯಬೇಕು. ಅವಸರ ಮಾಡಿ ಎಬ್ಬಿಸಿದರೆ ಮೈಲಿಗಟ್ಟಲೆ ಹೋಗುತ್ತದೆ.

ಮಾಂಸ

ಬಿದ್ದ ಎಲ್ಕ್ ಬಳಿಗೆ ಹಿಂದಿನಿಂದ ಹೋಗಿ, ಉದ್ದ ಕೋಲಿನಿಂದ ಕಣ್ಣು ಮುಟ್ಟಿ ನೋಡಿ. ರೆಪ್ಪೆ ಕದಲದಿದ್ದರೆ ರೈಫಲ್ ಖಾಲಿ ಮಾಡಿ, ಲೈಸೆನ್ಸಿಗೆ ಅಂಟಿರುವ ಟ್ಯಾಗಿಗೆ ಮಗು ಸಹಿ ಹಾಕಿ ತಾರೀಕು ಬರೆದು ಬೇರ್ಪಡಿಸಲಿ. ಪೆನ್ನು ಮರೆಯುವವರೇ ಜಾಸ್ತಿ.

ಇಲ್ಲಿಂದ ಆಚೆ ಶತ್ರು ಶಾಖ. ದಪ್ಪ ತೊಗಲು ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ, ಹಿಂದೊಡೆಯ ಮೂಳೆಯ ಸುತ್ತಲಿನ ಮಾಂಸ ಮೊದಲು ಕೆಡುತ್ತದೆ, ಹೊರಗೆ ಹಿಮ ಬೀಳುತ್ತಿದ್ದರೂ ಸರಿ. ಹೊಟ್ಟೆ ಬಗೆಯದೆ ಬಿಡಿಸುವ ಕ್ರಮ ಇಬ್ಬರಿಗೆ ಸುಲಭ. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯಿಂದ ಬಾಲದವರೆಗೆ ಬೆನ್ನಹುರಿಯ ಮೇಲೆ ತೊಗಲು ಸೀಳಿ ಕೆಳಕ್ಕೆ ಸುಲಿಯಿರಿ. ಮುಂಗಾಲನ್ನು ಮೈಗೆ ಸೇರಿಸುವ ಕೀಲಿಲ್ಲ, ಎತ್ತಿ ಹಿಡಿದು ಭುಜದ ಹಲಗೆಯ ಅಡಿಯಲ್ಲಿ ಕೊಯ್ದರೆ ಕಳಚುತ್ತದೆ. ಹಿಂಗಾಲಿಗೆ ಸೊಂಟದ ಮೂಳೆಯನ್ನೇ ಒತ್ತಿಕೊಂಡು ಕತ್ತಿ ಸಾಗಲಿ, ಕೀಲು ಸಿಕ್ಕಾಗ ಸುತ್ತ ಕೊಯ್ಯಿರಿ. ಬೆನ್ನುಹುರಿಯ ಪಕ್ಕದ ಉದ್ದ ಮಾಂಸ, ಕುತ್ತಿಗೆಯ ಮಾಂಸ ತೆಗೆಯಿರಿ. ಕೊನೆಯ ಪಕ್ಕೆಲುಬಿನ ಹಿಂದೆ ಹೊಟ್ಟೆಯನ್ನು ಕೆಳಕ್ಕೆ ಒತ್ತಿ ಕೈ ತೂರಿಸಿದರೆ ಒಳಗಿನ ಮೃದು ಪಟ್ಟಿ ಸಿಗುತ್ತದೆ. ಮಗ್ಗುಲು ತಿರುಗಿಸಿ ಮತ್ತೆ ಅದೇ. ಹೆಣ್ಣೆಂದು ತೋರಿಸುವ ಅಂಗ, ಕೆಚ್ಚಲಿನ ಭಾಗವಾದರೂ ಸರಿ, ಒಂದು ತೊಡೆಗೆ ಸಹಜವಾಗಿ ಅಂಟಿಕೊಂಡೇ ಇರಬೇಕು. ಕತ್ತರಿಸಿ ಬೇರೆ ಚೀಲಕ್ಕೆ ಹಾಕಿದರೆ ದಂಡ.

ಮಕ್ಕಳಿಗೆ ಕಾಲು ಎತ್ತಿ ಹಿಡಿಯುವ, ಚೀಲ ಬಿಚ್ಚಿ ಹಿಡಿಯುವ ಕೆಲಸ ಕೊಡಿ. ಬ್ಲೇಡ್ ಬದಲಿಸುವ ಕತ್ತಿಗಳು ಅವರ ಕೈಗೆ ಬೇಡ, ನಾಲ್ಕು ಇಂಚಿನ ಸಾದಾ ಕತ್ತಿ ಸಾಕು. ಗಾಳಿಯಾಡುವ ಆರು ಬಟ್ಟೆ ಚೀಲ ಒಯ್ಯಿರಿ. ಪ್ಲಾಸ್ಟಿಕ್ಕಿನಲ್ಲಿ ಬಿಸಿ ಮಾಂಸ ಬೆವತು ಹುಳಿ ಬರುತ್ತದೆ. ಹೆಣ್ಣಿನ ಒಂದು ಹಿಂದೊಡೆಯೇ ಸುಮಾರು 25 ಕಿಲೋ. ಇಬ್ಬರು ದೊಡ್ಡವರಿದ್ದರೂ ಕಾರಿಗೆ ಎರಡು ಮೂರು ಸರದಿ ನಡೆಯಬೇಕು, ಒಂದೆರಡು ಮೈಲಿಯೊಳಗೆ ಹೊಡೆಯಿರಿ ಎಂದದ್ದು ಇದಕ್ಕೇ. ನಾಲ್ಕು ಕಾಲು, ಬೆನ್ನಿನ ಪಟ್ಟಿ, ಒಳಪಟ್ಟಿ ಇವಿಷ್ಟನ್ನು ಬಿಟ್ಟುಬರುವುದು ಅಪರಾಧ.

ಕೊಲೊರಾಡೊದ ಎಲ್ಕ್‌ಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗ ಹರಡಿದೆ. ಅದನ್ನು ತರುವ ಪ್ರಿಯಾನ್ ಎಂಬ ವಿಕೃತ ಪ್ರೋಟೀನ್ ಬೇಯಿಸಿದರೂ ನಾಶವಾಗುವುದಿಲ್ಲ. ಮನುಷ್ಯರಿಗೆ ಬಂದ ಪ್ರಕರಣ ದೃಢಪಟ್ಟಿಲ್ಲ, ಆದರೂ ರೋಗ ಕಂಡ ಮಾಂಸವನ್ನು ತಿನ್ನಬಾರದೆಂದು ಆರೋಗ್ಯ ಇಲಾಖೆಗಳ ಸಲಹೆ. ತಲೆಯನ್ನು ಇಲಾಖೆಯ ಕೇಂದ್ರಕ್ಕೆ ಕೊಟ್ಟರೆ ಪರೀಕ್ಷೆ ಮಾಡುತ್ತಾರೆ. ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆಯವರದ್ದರ ಜೊತೆ ಬೆರೆಸಬೇಡಿ, ಸ್ನೇಹಿತರಿಗೆ ಹಂಚಬೇಡಿ. ಕಸಾಯಿ ಅಂಗಡಿಗೆ ಕೊಡುವುದಾದರೆ ನಿಮ್ಮ ಪ್ರಾಣಿಯದನ್ನೇ ಬೇರೆಯಾಗಿ ಕಡಿದುಕೊಡಲು ಮೊದಲೇ ಹೇಳಿ.

ಒಂದು ಹೆಣ್ಣಿನಿಂದ ಮೂಳೆ ತೆಗೆದ ಮಾಂಸ 65ರಿಂದ 75 ಕಿಲೋ ಸಿಗುತ್ತದೆ, ಅದಕ್ಕೆ ಐದು ಘನ ಅಡಿಯ ಖಾಲಿ ಫ್ರೀಜರ್ ಬೇಕು. ಅಡುಗೆಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಹಿಡಿಸುವುದಿಲ್ಲ, ಬೇಟೆಗೆ ಹೊರಡುವ ವಾರವೇ ಜಾಗ ಮಾಡಿಟ್ಟುಕೊಳ್ಳಿ. ಕೊಬ್ಬು ಬಹಳ ಕಡಿಮೆ ಇರುವ ಮಾಂಸವಾದ್ದರಿಂದ ಬೆನ್ನಿನ ಪಟ್ಟಿಯನ್ನು ಹೆಚ್ಚು ಬೇಯಿಸಿದರೆ ಒಣಗಿ ನಾರಾಗುತ್ತದೆ. ಮುಂಗಾಲು, ಮೊಣಕಾಲಿನ ಮಾಂಸವನ್ನು ಕುಕ್ಕರಿನಲ್ಲಿ ಮಟನ್ ಸಾರಿನ ಹಾಗೆಯೇ ಮಾಡಬಹುದು, ನಾಲ್ಕೈದು ವಿಷಲ್ ಹೆಚ್ಚಿಗೆ ಕೂಗಿಸಿ.